ಕುಂಕುಮ ಹಚ್ಚಿದ ಕ್ಯಾಮೆರಾ

"ಕ್ಯಾಮೆರಾದ ಕಾರ್ಡ್ ಕೊಡ್ರಿ ಮೇಡಂ! ಇಲ್ಲಾಂದ್ರ ಕೊಡಲಿ ಬೀಳ್ತದ!"

ಶಿವಕಾಂತನ ಕೊಡಲಿ ನನ್ನ ಕುತ್ತಿಗೆಯ ಮೇಲಿತ್ತು. ಔರಾದ ರಸ್ತೆಯ ಪಕ್ಕದ ತಗಡಿನ ಶೆಡ್. ಒಳಗೆ ಕದ್ದ ಕುರಿಗಳು. ಹೊರಗೆ ಅವನ್ನು ಗಡಿ ದಾಟಿಸಲು ನಿಂತ ಲಾರಿ. ನಡುವೆ ನಾನು, ಉಜ್ವಲಾ... ಕಳೆದುಹೋದದ್ದನ್ನು ಹುಡುಕಿಕೊಡುವುದು ಬೀದರಿನಲ್ಲಿ ನನ್ನ ಕಸುಬು.

ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ? ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು!

ಯಾಕೆ ಅಂತೀರಾ? ಕೇಳಿ.

ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ಧೊಂಡಿಬಾನ ಕುರಿಗಳು ಆಗಾಗ ಮಾಯವಾಗುತ್ತಿದ್ದವು. ಕಾವಲಿಗೆ ಅಂತ ನನ್ನ ಕಾರನ್ನು ಅವನ ಕುರಿಹಟ್ಟಿಯ ಬಾಗಿಲಿಗೇ ನಿಲ್ಲಿಸಿದೆ. ಗಾಜಿನ ಹಿಂದೆ ಡ್ಯಾಶ್ ಕ್ಯಾಮ್. ಎಂಜಿನ್ ಆಫ್ ಇದ್ದರೂ ಸರಿ, ಕಾರಿಗೆ ಏನಾದರೂ ಬಡಿದರೆ ತಾನೇ ಎದ್ದು ರೆಕಾರ್ಡ್ ಮಾಡುತ್ತದೆ. ಬಿಸಿಲಿಗೆ ಕ್ಯಾಮೆರಾ ಕಾಯದಿರಲಿ ಅಂತ ಕಿಟಕಿ ಒಂದಿಷ್ಟು ಇಳಿಸಿ, ಹಬ್ಬಕ್ಕೆ ಬಸ್ ಹತ್ತಿ ಬೀದರಿಗೆ ಹೋದೆ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನವೇ ಇಡೀ ಹಿಂಡು ಹೋಯಿತು! ಎಲ್ಲರೂ ಮನೆಯಲ್ಲಿ ಹೋಳಿಗೆ ಉಣ್ಣುವಾಗ... ಹಾಡಹಗಲೇ!

ಕಾವಲಿದ್ದ ಆಳು ಪಂಢರಿ ನೀರಿಗೆ ಹೋಗಿದ್ದನಂತೆ. ಯಾರು ನಂಬುತ್ತಾರೆ? ಹಿಡಿದರು. ಬಡಿದರು. ನಾನು ನೋಡಿದಾಗ ಬೀದರಿನ ಆಸ್ಪತ್ರೆಯಲ್ಲಿ ಕೈ ಮುರಿದು ಮಲಗಿದ್ದ. ಬಾಗಿಲಲ್ಲಿ ಪೊಲೀಸ್. ಹುಷಾರಾದ ಕೂಡಲೇ ಜೈಲು!

ಅವನ ಹೆಂಡತಿ ಅನುಸೂಯಾಬಾಯಿ ನನ್ನ ಕೈ ಹಿಡಿದಳು.

"ಅಕ್ಕೋರ, ಅಂವ ಕಳ್ಳ ಅಲ್ರಿ. ನಿಮ್ಮ ಗಾಡಿ ಅಲ್ಲೇ ಇತ್ತಲ್ರಿ... ಅದು ನೋಡಿರ್ಬೇಕಲ್ರಿ?"

ನೋಡಿರಲಿಲ್ಲ! ಹಲಬರ್ಗಾಕ್ಕೆ ಹೋಗಿ ನೋಡಿದರೆ ಕಾರಿನ ಗಾಜಿನ ಮೇಲೆ, ಸರಿಯಾಗಿ ಕ್ಯಾಮೆರಾದ ಮುಂದೆ, ಅಂಗೈಯಗಲ ಕುಂಕುಮ! ಧೊಂಡಿಬಾನ ಹೆಂಡತಿ ಲಲಿತಾಬಾಯಿಯ ಭಕ್ತಿ.

"ಹಬ್ಬದ ದಿನ ಗಾಡಿ ಬರೇ ಹಣಿಲೆ ನಿಲ್ಬಾರ್ದು ಯವ್ವಾ," ಎಂದಳು. "ಕೊಡಲಿಗಿ, ಕತ್ರಿಗಿ ಹಚ್ಚಿದಂಗ ಇದಕ್ಕೂ ಹಚ್ಚಿದೆ."

ಹಲ್ಲು ಕಡಿಯುತ್ತಾ ವಿಡಿಯೋ ನೋಡಿದೆ. ಪರದೆಯ ತುಂಬ ಕೆಂಪು. ಆದರೆ ಹಟ್ಟಿಯಿಂದ ನುಗ್ಗಿದ ಕುರಿಗಳು ಕಾರಿಗೆ ಬಡಿದಿದ್ದವು... ಕ್ಯಾಮೆರಾ ಎದ್ದಿತ್ತು. ಕಣ್ಣು ಮುಚ್ಚಿದ್ದರೇನು, ಕಿವಿ ತೆರೆದಿತ್ತು!

"ಹುರ್ರ್ರ್... ಹಾ ಹಾ ಹೋಯ್!"

ಕುರಿ ಕರೆಯುವ ದನಿ. ಪರರು ಎಷ್ಟು ಕೂಗಿದರೂ ಹಿಂಡು ಕಾಲೆತ್ತುವುದಿಲ್ಲ. ಇದು ಪರರ ದನಿಯಲ್ಲ. ಪಕ್ಕದಲ್ಲಿ ಕೇಳುತ್ತಿದ್ದ ಲಲಿತಾಬಾಯಿ ಗುರುತು ಹಿಡಿದಳು.

"ನಾದಿನಿ ಮಗ ಶಿವಕಾಂತ! ನಮ್ಮ ಹಟ್ಟ್ಯಾಗೇ ಬೆಳದಂವ... ಔರಾದ ಹಾದ್ಯಾಗ ಶೆಡ್ ಹಾಕ್ಯಾನ!"

ಪೊಲೀಸರಿಗೆ ಫೋನ್ ಮಾಡಿದೆ. ಹೊರಟಿದ್ದೇವೆ ಅಂದರು. ಲಾರಿ ಕಾಯುತ್ತದೆಯೇ? ಧೊಂಡಿಬಾನನ್ನು ಕಾರಿನಲ್ಲಿ ಹಾಕಿಕೊಂಡು ಹಾರಿಸಿದೆ. ಅವನನ್ನು ಕಾರಿನಲ್ಲೇ ಕೂರಿಸಿ ಶೆಡ್ಡಿಗೆ ನುಗ್ಗಿದೆ. ನಿನ್ನ ದನಿ ಕ್ಯಾಮೆರಾದ ಕಾರ್ಡಿನಲ್ಲಿದೆ ಅಂತ ಶಿವಕಾಂತನಿಗೆ ಹೇಳಿದೆ... ಕುತ್ತಿಗೆಗೆ ಕೊಡಲಿ!

"ಕಾರ್ಡ್ ಕಾರ್ನಾಗದ," ಎಂದೆ. "ನಿಮ್ಮ ಮಾವನೂ ಅಲ್ಲೇ ಅದಾನ."

"ಮಾವಾ?"

ಕೈ ಒಂದು ಕ್ಷಣ ಸಡಿಲಾಯಿತು. ಸಾಕು! ತಪ್ಪಿಸಿಕೊಂಡು ಕೂಗಿದೆ.

"ಧೊಂಡಿಬಾ, ಕರೀರಿ!"

"ಬ್ರ್ರ್ರ್... ಹೋಯ್ ಹೋಯ್ ಬಾ!"

ತಟ್ಟಿಯ ಬಾಗಿಲು ಮುರಿದು ಬಿತ್ತು! ಇಡೀ ಹಿಂಡು ನುಗ್ಗಿತು. ಶಿವಕಾಂತ ಕೆಳಗೆ, ಕುರಿಗಳು ಮೇಲೆ. ಕೊಡಲಿಯನ್ನು ದೂರ ಒದ್ದೆ. ಅವನನ್ನೂ ಒದೆಯಬೇಕೆನಿಸಿತು... ಬಿಟ್ಟೆ. ನನ್ನ ಸಿಟ್ಟು ಇನ್ನೊಬ್ಬನಿಗೆ ಮೀಸಲಿತ್ತು.

ಪೊಲೀಸ್ ಜೀಪ್ ಬಂತು. ಧೊಂಡಿಬಾ ಕಣ್ಣೊರೆಸಿಕೊಂಡ.

"ನ್ಯಾಯ ಸಿಕ್ತು ನೋಡ್ರಿ ಮೇಡಂ. ಪಂಢರಿಗಿ ಒಂದು ಮರಿ ಕೊಡ್ತೇನಿ. ಆಯ್ತಲ್ರಿ?"

"ಇಲ್ಲ. ಇನ್ನೊಂದು ರೆಕಾರ್ಡಿಂಗ್ ಅದ," ಎಂದೆ. "ಪಂಢರಿನ್ನ ನನ್ನ ಕಾರಿಗಿ ಒತ್ತಿ ಹೊಡದ್ರಲ್ಲ, ಆಗೂ ಕ್ಯಾಮೆರಾ ಎದ್ದಿತ್ತು."

ಕ್ಯಾಮೆರಾದ ಗುಂಡಿ ಒತ್ತಿದೆ. ಅದೇ ಕೆಂಪು ಪರದೆ. ಏಟಿನ ಸದ್ದು. ಪಂಢರಿಯ ಅಳು. ಅದರ ಮೇಲೆ ಒಂದು ದನಿ...

"ಕೈ ಮುರೀರಿ ಅವಂದು!"

ಧೊಂಡಿಬಾ ಕೆಂಪು ಪರದೆಯತ್ತ ಬೆರಳು ಮಾಡಿದ.

"ಮುಖಾ ಕಾಣಂಗಿಲ್ಲಲ್ರಿ! ಅದು ಯಾರ ದನಿ ಅಂತ ಹ್ಯಾಂಗ ಹೇಳ್ತೀರಿ?"

ಕಾರ್ಡನ್ನು ಪೊಲೀಸರ ಕೈಗಿಟ್ಟೆ.

"ನಾ ಯಾಕ ಹೇಳ್ಲಿ? ನಿಮ್ಮ ಕುರಿಗೋಳ್ನೇ ಕೇಳೋಣ ಬರ್ರಿ... ಈಗಷ್ಟೇ ಗುರ್ತ ಹಿಡದಾವಲ್ಲ!"