ಗಡಿಯಾರ ಕಾಣುವ ಜಾಗ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ದೂರುದಾರರು ಠಾಣೆಗೆ ಬಂದರು. ಹತ್ತೊಂಬತ್ತು ವರ್ಷ ಪತ್ರಿಕೆಯಲ್ಲಿ ಫುಟ್‌ಬಾಲ್ ಅಂಕಣ ಬರೆದು ಹೆಸರಾದವರು. ಕಚೇರಿಯ ಕಪಾಟಿನ ಬೀಗ ಒಡೆದು, ವರ್ಷಕ್ಕೊಂದರಂತೆ ತಾವು ತುಂಬಿಸಿದ ಹತ್ತೊಂಬತ್ತು ನೋಟ್‌ಬುಕ್ಕುಗಳನ್ನು ಯಾರೋ ಕದ್ದಿದ್ದಾರೆಂದು ದೂರು. ಅದೇ ಬರಹ ಪುಸ್ತಕವಾಗಿ ಶುಕ್ರವಾರ ಅಚ್ಚಿಗೆ ಹೋಗಬೇಕಿತ್ತು. ಕೊನೆಯ ಮೂರು ಅಧ್ಯಾಯ ಇನ್ನೂ ಟೈಪಾಗಿರಲಿಲ್ಲ.

"ಪ್ರತಿ ಪಂದ್ಯಾನೂ ಪತ್ರಕರ್ತರ ಗ್ಯಾಲರೀಲಿ ಕೂತು ಬರೆದದ್ದು," ಎಂದು ಅವರು ಹೇಳಿಕೆಯಲ್ಲಿ ಸೇರಿಸಿದರು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆ ಮುಗಿಸಿದರು. ಅದೇ ಕಪಾಟಿನಲ್ಲಿದ್ದ ಕ್ಯಾಮೆರಾವನ್ನು ಕಳ್ಳ ಮುಟ್ಟಿರಲಿಲ್ಲ. ಅದು ಅವರ ತಲೆ ಕೊರೆಯಿತು. ಟೈಪಾದ ಪುಟಗಳನ್ನು ತರಿಸಿಕೊಂಡು ಊಟದ ಹೊತ್ತಿನಲ್ಲೂ ಓದಿದರು.

"ಸಾರ್, ಕಳ್ಳನ್ನ ಹಿಡಿಯೋದೋ, ಪರೀಕ್ಷೆಗೆ ಕೂರೋದೋ?" ಎಂದರು ಹೆಡ್ ಕಾನ್‌ಸ್ಟೆಬಲ್.

"ಇಲ್ನೋಡಿ. 'ಗಡಿಯಾರದ ದೊಡ್ಡ ಮುಳ್ಳು ಹತ್ತನ್ನು ದಾಟುವಾಗ ಗೋಲ್‌ಕೀಪರ್ ಕಾಲು ಜಾರಿತು.' ಪುಟಪುಟಕ್ಕೂ ಗಡಿಯಾರ!"

ಮೂರು ಗಂಟೆಗೆ ಇಬ್ಬರೂ ಕ್ರೀಡಾಂಗಣಕ್ಕೆ ಹೋದರು. ಗ್ಯಾಲರಿಯಲ್ಲಿ ಕೂತು ಇನ್‌ಸ್ಪೆಕ್ಟರ್ ಕಣ್ಣಾಡಿಸಿದರು. ಗಡಿಯಾರ ಕಾಣಲಿಲ್ಲ. ಹೊರಬಂದು ಕತ್ತೆತ್ತಿದರೆ, ಅದು ಗ್ಯಾಲರಿಯ ನೆತ್ತಿಯ ಮೇಲೇ ಇತ್ತು. ಅದಕ್ಕೆ ನೇರ ಎದುರಿಗೆ, ಮೈದಾನದ ಆಚೆ ಸ್ಕೋರ್ ಬೋರ್ಡಿನ ಅಟ್ಟ.

ಅಲ್ಲಿ ಅಂಕಿಯ ತಗಡುಗಳನ್ನು ಒರೆಸುತ್ತಿದ್ದ ಮುದುಕರನ್ನು ಮೈದಾನದವರೆಲ್ಲ 'ಬೋರ್ಡಣ್ಣ' ಅನ್ನುತ್ತಿದ್ದರು. ಅವರು ಇದ್ದೊಂದು ಸ್ಟೂಲನ್ನು ಒರೆಸಿ ಇನ್‌ಸ್ಪೆಕ್ಟರ್ ಕಡೆ ಸರಿಸಿ ತಾವು ನಿಂತರು.

"ಏಣಿ ಹತ್ತಿ ಬಂದಿದ್ದೀರಿ, ಕೂತ್ಕೊಳ್ಳಿ ಸಾರ್."

"ನೋಟ್‌ಬುಕ್ ಎಲ್ಲಿ?"

"ಒಂಬತ್ತರ ತಗಡಿನ ಹಿಂದೆ. ಈ ಮೈದಾನದಲ್ಲಿ ಒಂಬತ್ತು ಗೋಲು ಯಾರು ಹೊಡೀತಾರೆ? ಅದನ್ನ ಯಾರೂ ಎತ್ತಲ್ಲ."

"ಬರೆದದ್ದು?"

"ನಾನೇ. ನನ್ನ ಹೆಂಡತಿ ಆಸ್ಪತ್ರೇಲಿದ್ದಾಗ ಆ ಅಂಕಣದ ಸಾಹೇಬ್ರು ದಿನಾ ಬಂದು ಪಕ್ಕದಲ್ಲಿ ಕೂರ್ತಿದ್ರು. ಆಮೇಲೆ ಅವರಿಗೆ ಮಂಡಿನೋವು. ಪಂದ್ಯಕ್ಕೆ ಬರೋದು ತಪ್ತು. ಹತ್ತೊಂಬತ್ತು ವರ್ಷಾನೂ ನಾನೇ ಬರೆದುಕೊಟ್ಟೆ. ಪುಸ್ತಕದಲ್ಲಾದರೂ ಒಂದು ಸಾಲು ನನ್ನ ಹೆಸರು ಹಾಕಿ ಅಂದೆ. 'ನಂಬರ್ ತಿರುಗಿಸೋನ ಹೆಸರು ಯಾಕಯ್ಯಾ?' ಅಂದುಬಿಟ್ರು."

ನೋಟ್‌ಬುಕ್ಕುಗಳ ಜೊತೆ ಮುದುಕರನ್ನು ಠಾಣೆಗೆ ಕರೆತಂದರು. ಅಂಕಣಕಾರರಿಗೆ ಕರೆ ಹೋಯಿತು. ಬಂದವರು ಬೆಂಚಿನ ಮೇಲಿದ್ದ ಬೋರ್ಡಣ್ಣನ ಕಡೆ ನೋಡಲಿಲ್ಲ.

"ನಾನು ಹೇಳಿದ್ದನ್ನ ಅವನು ಬರ್ಕೊಂಡಿದ್ದಾನೆ, ಅಷ್ಟೆ."

"ನಿಮ್ಮ ಕುರ್ಚಿಯಿಂದ ಗಡಿಯಾರ ಕಾಣುತ್ತಾ?"

ಅಂಕಣಕಾರರು ತಗ್ಗಿದ ದನಿಯಲ್ಲಿ, "ದೂರು ವಾಪಸ್ ತಗೋತೀನಿ," ಎಂದರು.

"ಬೀಗ ಒಡೆದದ್ದು ಒಡೆದದ್ದೇ. ಇನ್ನು ಈ ನೋಟ್‌ಬುಕ್ಕು ಕೋರ್ಟಿಗೆ ಹೋಗುತ್ತೆ. ಯಾರ ಕೈಬರಹ ಅನ್ನೋದೂ ಜೊತೇಲೇ ಹೋಗುತ್ತೆ."

ಸಂಜೆ ಐದೂ ನಲವತ್ತಕ್ಕೆ ಬಂಧನ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ತಮಗೆ ಬಂದ ಚಹಾವನ್ನು ಮುದುಕರ ಮುಂದಿಟ್ಟು, ಜಪ್ತಿ ಪಂಚನಾಮೆ ಬರೆಯತೊಡಗಿದರು. ನೋಟ್‌ಬುಕ್ಕು ಹತ್ತೊಂಬತ್ತು. ಬರೆದವರು: ಅಲ್ಲಿ ಆರೋಪಿಯ ಪೂರ್ತಿ ಹೆಸರು.

ಬೋರ್ಡಣ್ಣ ಬಗ್ಗಿ ನೋಡಿದರು.

"ಸಾರ್, ಅದು ಹೊಟ್ಟೆ ಸೀಳಿದ 'ಧ'."

ಹೆಡ್ ಕಾನ್‌ಸ್ಟೆಬಲ್ ಅಕ್ಷರ ತಿದ್ದಿ, ಪಕ್ಕದಲ್ಲಿ ರುಜು ಹಾಕಿದರು. ಮುದುಕರು ಬೆರಳಿಟ್ಟು ಮತ್ತೊಮ್ಮೆ ಓದಿ ಸಹಿ ಮಾಡಿದರು. ಮಸಿ ಒಣಗುವ ತನಕ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಇನ್‌ಸ್ಪೆಕ್ಟರ್ ಅದನ್ನು ವಾಪಸ್ ಕೇಳಲು ಅವಸರ ಮಾಡಲಿಲ್ಲ.