ಹ್ಯಾಂಡಲ್ ಕಳವು, ಉಪ್ಪಿಟ್ಟು ಸಾಕ್ಷಿ

ಕಳವಾದದ್ದು ಒಂದು ಕಬ್ಬಿಣದ ಸಲಾಕೆ. ಅಷ್ಟಕ್ಕೇ ಬೆಳಗ್ಗೆ ಏಳೂಕಾಲಿಗೆ ಶಿಡ್ಲಘಟ್ಟದ ಅರ್ಧ ಊರು ಅಮ್ಮಾಜಮ್ಮನ ಶೆಡ್ಡಿನ ಮುಂದೆ ಸೇರಿತ್ತು.

ಅದು ಅಂತಿಂಥ ಸಲಾಕೆಯಲ್ಲ. ಸಂಚಾರಿ ಆಸ್ಪತ್ರೆಯ ವ್ಯಾನಿನ ಮೂತಿಗೆ ಸಿಕ್ಕಿಸಿ ತಿರುಗಿಸುವ ಹ್ಯಾಂಡಲ್ಲು. ಬ್ಯಾಟರಿ ಸತ್ತು ತಿಂಗಳಾಗಿತ್ತು. ಹ್ಯಾಂಡಲ್ ಇಲ್ಲದೆ ಎಂಜಿನ್ ಉಸಿರೆತ್ತುವಂತಿರಲಿಲ್ಲ.

ವ್ಯಾನೋ, ಅಬ್ಬಬ್ಬಾ! ಒಳಗೆ ಮಂಚ, ಗಡಿಯಾರ, ಸೀಮೆಎಣ್ಣೆ ಒಲೆ, ಕೈ ತೊಳೆಯುವ ಬೇಸಿನ್ನು, ಕಿಟಕಿಗೆ ಹೂವಿನ ಪರದೆ. ಹಳ್ಳಿಗಳಲ್ಲಿ ಡಾಕ್ಟರ್ ಚನ್ನಕೇಶವ ಅದರಲ್ಲೇ ಅಡುಗೆ ಮಾಡಿಕೊಂಡು ಅದರಲ್ಲೇ ಮಲಗುತ್ತಿದ್ದರು. ಮನೆಗೇ ಚಕ್ರ ಕಟ್ಟಿದ್ದಾರೆ ಅಂತ ಜನ ಬಾಯಿ ಬಿಟ್ಟು ನೋಡುತ್ತಿದ್ದರು.

ಡ್ರೈವರ್ ಗಂಗುಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಚಿಂತಾಮಣಿಯಲ್ಲಿ ವ್ಯಾನನ್ನು ಬೀದಿಯಲ್ಲಿ ನಿಲ್ಲಿಸಿ ಕನ್ನಡಿ ಕಳೆದುಕೊಂಡಿದ್ದ. ಇನ್ನೊಂದು ಸಾಮಾನು ಹೋದರೆ ಕೆಲಸವೂ ಹೋಯಿತು ಅಂತ ಡಾಕ್ಟರು ಅಂದೇ ಹೇಳಿಬಿಟ್ಟಿದ್ದರು. ಅದಕ್ಕೇ ಈ ಊರಿನಲ್ಲಿ ಶೆಡ್ಡು ಹುಡುಕಿದ್ದು.

"ಹತ್ತು ಗಂಟೆಗೆ ದಿಬ್ಬೂರಹಳ್ಳಿಲಿ ಮಕ್ಕಳಿಗೆ ಸಿಡುಬು ಬರದ ಹಾಗೆ ದೇವಿ ಹಾಕ್ಬೇಕು," ಮುಸಾಫಿರಖಾನೆಯಿಂದ ಧಾವಿಸಿ ಬಂದ ಡಾಕ್ಟರು ಗುಡುಗಿದರು. "ವ್ಯಾನು ಹೊರಡದಿದ್ರೆ ಇವತ್ತೇ ರಿಪೋರ್ಟ್ ಬರೀತೀನಿ. ನೀನು ಮನೆಗೆ ಹೋಗು."

"ಸ್ವಾಮಿ, ಮೂರು ಹೆಣ್ಮಕ್ಕಳು ಸ್ವಾಮಿ," ಎಂದ ಗಂಗುಲಪ್ಪ.

ಠಾಣೆಯಿಂದ ಬಂದಿದ್ದ ದಫೇದಾರ್ ಮುನಿವೆಂಕಟಪ್ಪನಿಗೆ ಪಾಪ ಅನ್ನಿಸಿತು. ಒಂದು ಚಿಟಿಕೆ ನಸ್ಯ ಏರಿಸಿ, ಎರಡು ಸಲ ಸೀನಿ, ತನಿಖೆಗೆ ಇಳಿದ.

\* \* \*

"ಹ್ಯಾಂಡಲ್ ಎಲ್ಲಿತ್ತು?"

"ನನ್ನ ಸೀಟಿನ ಕೆಳಗೆ. ಆರು ಗಂಟೇಲಿ ಇತ್ತು. ಚೊಂಬು ಹಿಡ್ಕೊಂಡು ಕೆರೆ ಕಡೆ ಹೋಗಿ ಬಂದೆ. ಏಳಕ್ಕೆ ನೋಡಿದ್ರೆ ಇಲ್ಲ."

ದಫೇದಾರ ಶೆಡ್ಡಿನೊಳಗೆ ಇಣುಕಿದ. ಎತ್ತಿನ ಗಾಡಿಗೆಂದು ಕಟ್ಟಿದ ಶೆಡ್ಡು. ವ್ಯಾನು ಹಿಂಬದಿ ಒಳಗೆ, ಮೂತಿ ಬೀದಿಗೆ ಮಾಡಿ ನಿಂತಿತ್ತು. ಎರಡೂ ಪಕ್ಕಕ್ಕೆ ಒಂದೊಂದು ಗೇಣು ಜಾಗ. ನಿನ್ನೆ ಸಂಜೆ ಇದನ್ನು ಒಳಗೆ ತುರುಕಲು ಗಂಗುಲಪ್ಪ ಒಂದು ಗಂಟೆ ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿದ್ದ. ಇಡೀ ಬೀದಿ ಹೊಗೆಯಲ್ಲಿ ಕೆಮ್ಮಿತ್ತು.

"ಎರ್ರಪ್ಪಂದೇ ಕೆಲಸ," ಗುಂಪಿನಲ್ಲಿ ಯಾರೋ ಅಂದರು.

ಎರ್ರಪ್ಪನಿಗೆ ರೇಷ್ಮೆಗೂಡಿನ ದೊಡ್ಡ ಗೋದಾಮಿತ್ತು. ವ್ಯಾನು ಅಲ್ಲೇ ನಿಲ್ಲಲಿ ಅಂತ ಅಂಗಲಾಚಿದ್ದ. ಇಲಿ ಕಾಟ ಅಂತ ಡಾಕ್ಟರು ಒಪ್ಪಿರಲಿಲ್ಲ. ಆ ಉರಿ ಅವನಿಗಿತ್ತು.

"ಅಯ್ಯೋ ದೇವುಡಾ! ನಾನ್ಯಾಕ್ ಕದೀಲಿ?" ಎಂದ ಎರ್ರಪ್ಪ.

"ಡ್ರೈವರ್ ಬಾಗಿಲವರೆಗೂ ಹೋಗಿ ಬಾ, ನೋಡಣ."

ಎರ್ರಪ್ಪ ಸಂದಿಗೆ ನುಗ್ಗಿದ. ಎರಡೇ ಹೆಜ್ಜೆ. ಹೊಟ್ಟೆ ಗೋಡೆಗೂ ವ್ಯಾನಿಗೂ ನಡುವೆ ಬಿರಡೆಯಾಗಿ ಕೂತಿತು. ಇಬ್ಬರು ಕೈ ಹಿಡಿದು ಎಳೆದ ಮೇಲೆ ಒಂದು ಗುಂಡಿ ಕಳೆದುಕೊಂಡು ಹೊರಬಿದ್ದ.

"ಇವನಲ್ಲ," ಎಂದ ದಫೇದಾರ, ಗಂಭೀರವಾಗಿ.

ಸಣ್ಣ ಆಳಾದ ತಾನೇ ಉಸಿರು ಬಿಗಿಹಿಡಿದು ಒಳಗೆ ಹೋದ. ವ್ಯಾನಿನ ಮೆಟ್ಟಿಲ ಮೇಲೆ ಹಿಪ್ಪುನೇರಳೆ ಎಲೆಯ ಚೂರೊಂದು ಬಿದ್ದಿತ್ತು. ಶಿಡ್ಲಘಟ್ಟದಲ್ಲಿ ಹಿಪ್ಪುನೇರಳೆ ಎಲೆಯೇ ಸುಳಿವಾದರೆ ಇಡೀ ಊರನ್ನು ಲಾಕಪ್ಪಿಗೆ ಹಾಕಬೇಕಾದೀತು ಅಂತ ಬಿಟ್ಟುಬಿಟ್ಟ. ಆದರೆ ಹಿಂದಿನ ಗೋಡೆಯಲ್ಲಿ, ಹೊಗೆ ಕೊಳವೆಯ ನೇರಕ್ಕೆ, ಒಂದು ಕಿಟಕಿ. ಅದಕ್ಕೆ ಒದ್ದೆ ಗೋಣಿಚೀಲ ತುರುಕಿದ್ದರು. ಆಚೆ ಕಡೆ ಅಮ್ಮಾಜಮ್ಮನ ಹುಳುಮನೆ. ಹುಳು ಸಾಕುವವರು ಗಾಳಿ ಬರುವ ಕಿಟಕಿ ಮುಚ್ಚುತ್ತಾರೆಯೇ?

\* \* \*

"ಅಲ್ಲೇ ನಿಂತ್ಕೊಳಪ್ಪ ದಫೇದಾರಪ್ಪ!" ಅಮ್ಮಾಜಮ್ಮ ಹೊಸಲಲ್ಲೇ ತಡೆದಳು. ಗಂಡ ಸತ್ತ ಮೇಲೆ ಸೊಸೆಯೊಬ್ಬಳ ಜೊತೆ ಹುಳು ಮೇಯಿಸಿ ಬದುಕು ಮಾಡಿದ ಹೆಂಗಸು. ಕಡ್ಡಿಯಂತಹ ಮೈ, ಕಂಚಿನಂತಹ ದನಿ. "ನಸ್ಯದ ಡಬ್ಬಿ ಜಗಲಿ ಮೇಲಿಡು. ಕೈ ಕಾಲು ತೊಳ್ಕೊ. ಹುಳು ನಾಲ್ಕನೇ ಜ್ವರ ಮುಗಿಸಿ, ಕೊನೇ ಪೊರೆ ಕಳಚಿ, ಎದ್ದು ಮೇಯ್ತಾ ಅವೆ. ಹೊಗೆಸೊಪ್ಪಿನ ಘಾಟು ಬಡಿದ್ರೆ ಒಂದೂ ಗೂಡು ಕಟ್ಟಲ್ಲ."

ಪ್ರಾಣವನ್ನೇ ಇಟ್ಟಂತೆ ಡಬ್ಬಿ ಇಟ್ಟ ದಫೇದಾರ. ಆದರೂ ಹುಳುಮನೆಗೆ ಪ್ರವೇಶ ಸಿಗಲಿಲ್ಲ. ಹೊರಗಿನವರು ಹುಳುಮನೆಗೆ ಕಾಲಿಡಬಾರದು. ಪೊಲೀಸರಿಗೂ ಅದೇ ಕಟ್ಟಲೆ.

ನಡುಮನೆಯಲ್ಲಿ ಕೂತ. ಮೂಗಿಗೆ ನಸ್ಯವಿಲ್ಲದ್ದರಿಂದ ಬೇರೆ ವಾಸನೆ ಬಡಿಯಿತು. ಒಗ್ಗರಣೆಯ ವಾಸನೆ. ಅಡುಗೆಮನೆಯ ಕಡೆ ಕತ್ತು ಚಾಚಿದ. ಅಲ್ಲೊಂದು ದೊಡ್ಡ ತಪ್ಪಲೆ ತುಂಬ ಉಪ್ಪಿಟ್ಟು, ಹಬೆಯಾಡದೆ ಆರಿತ್ತು. ಪಕ್ಕದಲ್ಲಿ ಮುತ್ತುಗದೆಲೆಯ ಕಟ್ಟು, ಸುರುಳಿ ಸುತ್ತಿದ ಬಾವಿ ಹಗ್ಗ.

"ಅಮ್ಮಾಜಕ್ಕ, ಮನೇಲಿ ಎಷ್ಟು ಜನ?"

"ನಾನು, ಸೊಸೆ. ಯಾಕೆ?"

"ಸುಮ್ನೆ," ಎಂದು ಎದ್ದ ದಫೇದಾರ. ಅವನ ಮೀಸೆಯಡಿ ನಗು ಮೂಡಿತ್ತು.

\* \* \*

ಎಂಟೂವರೆ. ಗಂಗುಲಪ್ಪ ಮಡಚಿಟ್ಟ ಖಾಕಿ ಕೋಟನ್ನು ಡಾಕ್ಟರ ಕೈಗೆ ಒಪ್ಪಿಸಲು ಹೊರಟಿದ್ದ.

"ಹಾಕ್ಕೊಳಪ್ಪ ಅದನ್ನ," ಎಂದ ದಫೇದಾರ. "ಕಳ್ಳರು ಸಿಕ್ಕಿದ್ರು. ಗಡಿಯಾರ ಬಿಟ್ರು, ಒಲೆ ಬಿಟ್ರು, ಸಲಾಕೆ ಒಂದನ್ನೇ ಒಯ್ದ್ರು. ಅಂದ್ರೆ ಸಾಮಾನು ಬೇಕಿರ್ಲಿಲ್ಲ. ಎಂಜಿನ್ ಶುರು ಆಗೋದು ಬೇಕಿರ್ಲಿಲ್ಲ. ಹೊಗೆ ಕೊಳವೆ ನೇರಕ್ಕೆ ಹುಳುಮನೆ ಕಿಟಕಿ ಐತೆ. ನಿನ್ನೆ ಹೊಗೆ ಅಲ್ಲಿಗೇ ನುಗ್ಗಿತ್ತು. ಇವತ್ತು ಇನ್ನೊಂದು ಗಂಟೆ ನುಗ್ಗಿದ್ರೆ ಬೆಳೆಯೆಲ್ಲ ಮಣ್ಣುಪಾಲು."

ಜನರೆಲ್ಲ ಅಮ್ಮಾಜಮ್ಮನ ಕಡೆ ತಿರುಗಿದರು.

"ಸಾಕ್ಷಿ ಏನೈತೆ?" ಎಂದಳು ಆಕೆ.

"ಉಪ್ಪಿಟ್ಟು! ಕಳವಾಗಿದ್ದು ಊರಿಗೆ ಗೊತ್ತಾಗಿದ್ದು ಏಳಕ್ಕೆ. ಏಳೂವರೆಗೆ ನಾನು ಒಳಗೆ ಬಂದಾಗ ನಿಮ್ಮನೇಲಿ ಇಪ್ಪತ್ತು ಆಳಿನ ಉಪ್ಪಿಟ್ಟು ಆಗಿ ಆರಿತ್ತು. ಇರೋ ಇಬ್ಬರಿಗೆ ಅಷ್ಟು ಯಾಕಕ್ಕ? ಹಗ್ಗ ಯಾಕೆ? ವ್ಯಾನನ್ನ ಆಳುಗಳೇ ಎಳೀಬೇಕಾಗುತ್ತೆ ಅಂತ ಕದ್ದೋರಿಗೆ ಮಾತ್ರ ಮೊದಲೇ ಗೊತ್ತಿತ್ತು!"

ಅಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೌದು, ನಾನೇ ತಗೊಂಡೆ. ಹುಳುಮನೇಲಿ ಎಲೆ ಕುಕ್ಕೆ ಅಡೀಲಿ ಐತೆ. ಡಾಕ್ಟರು ಕೇಳಿದ್ರಲ್ಲ ಅಂತ ಜಾಗ ಕೊಟ್ಟೆ. ಶುರು ಮಾಡ್ಬೇಡಿ, ಎಳೆಸಿ ಅಂತ ನಿನ್ನೆ ಸಂಜೆ ಕೈ ಮುಗಿದೆ. ಏನಂದ್ರಿ ಡಾಕ್ಟ್ರೇ? ಹುಳು ತಾನೆ ಅಂದ್ರಿ. ಸರ್ಕಾರಿ ಗಾಡಿನ ಎತ್ತಿನ ಗಾಡಿ ಹಂಗೆ ಎಳೀಬೇಕಾ ಅಂತ ಈ ಗಂಗುಲಪ್ಪ ನಕ್ಕ. ರಾತ್ರಿಗೆ ಎರಡು ತಟ್ಟೆ ಹುಳು ಮೇವು ಬಿಟ್ಟು ಸತ್ತೋದ್ವು." ಅವಳ ಕಣ್ಣು ತುಂಬಿತು. "ಆದ್ರೆ ಇವನ ಕೆಲಸಕ್ಕೇ ಕುತ್ತು ಬರುತ್ತೆ ಅಂತ ನಂಗೇನಪ್ಪ ಗೊತ್ತು? ಆಮೇಲೆ ಬಾಯಿ ಬಿಡೋಕೆ ಹೆದರ್ಕೆ ಆಯ್ತು."

ಡಾಕ್ಟರ ಮುಖ ಕೆಂಪೇರಿತು. ಟೋಪಿ ತೆಗೆದರು. "ತಪ್ಪು ನಂದಮ್ಮ," ಎಂದರು ತಗ್ಗಿದ ದನಿಯಲ್ಲಿ.

ಹಗ್ಗ ಬಂತು. ಇಪ್ಪತ್ತು ಜನ ಕೈ ಹಾಕಿದರು. ಮುಂದೆ ಎರ್ರಪ್ಪ, ಆ ಹೊಟ್ಟೆ ಇಲ್ಲಿ ಉಪಯೋಗಕ್ಕೆ ಬಂತು. ಗಂಗುಲಪ್ಪ ಸ್ಟಿಯರಿಂಗ್ ಹಿಡಿದ. "ಐಸಾ!" ಒಂದೇ ಎಳೆತ. ಗೀರಿಲ್ಲ, ಹೊಗೆಯಿಲ್ಲ. ನಿನ್ನೆ ಒಂದು ಗಂಟೆ ಹಿಡಿದದ್ದು ಇವತ್ತು ಎರಡು ನಿಮಿಷದಲ್ಲಿ ಮುಗಿಯಿತು. ಉಪ್ಪಿಟ್ಟು ತಿನ್ನಲು ಅದಕ್ಕಿಂತ ಹೆಚ್ಚು ಹೊತ್ತಾಯಿತು. ಬೀದಿಯ ತಿರುವಿನಲ್ಲಿ ಹ್ಯಾಂಡಲ್ ತಿರುಗಿತು. ಹತ್ತಕ್ಕೆ ಐದು ನಿಮಿಷವಿದ್ದಾಗ ವ್ಯಾನು ದಿಬ್ಬೂರಹಳ್ಳಿಯಲ್ಲಿತ್ತು. ರಿಪೋರ್ಟು ಬರೆಯುವ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ.

ಸಂಜೆ ವ್ಯಾನು ವಾಪಸು ಬಂತು. ಆ ತಿರುವಿನಲ್ಲೇ ಎಂಜಿನ್ ನಿಲ್ಲಿಸಿ, ಗಂಗುಲಪ್ಪ ಇಳಿದು ಅಮ್ಮಾಜಮ್ಮನ ಹೊಸಲಿಗೆ ನಡೆದು ಬಂದ. ಬೀಡಿ ಕಟ್ಟು ಜಗಲಿಯ ಮೇಲಿಟ್ಟ. ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ.

"ಬೆಳಗ್ಗೆವರೆಗೂ ನಿಮ್ಮ ಹತ್ರಾನೇ ಇರ್ಲಿ ಅಮ್ಮ," ಎಂದ. "ಎಲೆ ಕುಕ್ಕೆ ಅಡೀಲೇ ಇಡಿ. ಅಲ್ಲಿಗೆ ಪೊಲೀಸ್ನೋರೂ ಬರಲ್ಲ."