ನೂರಾ ಹನ್ನೆರಡನೇ ಬಿಲ್ಡ್

“ಬಸ್ಸು ಹೊಸನಗರಕ್ಕೆ ಬಂದು ಮಕ್ಕಳು ಕ್ಲಾಸಿಗೂ ಹೋದ್ರಂತೆ. ನಮ್ಮ ಆ್ಯಪಲ್ಲಿ ಇನ್ನೂ ನಿಟ್ಟೂರಲ್ಲೇ ನಿಂತಿದೆ ಮಾರಾಯ್ತಿ!” ಸುಘೋಷ ಹಣೆ ಒತ್ತಿಕೊಂಡ. “ನಿನ್ನೆನೇ ಸರಿ ಮಾಡಿದ್ನಲ್ಲ ನಾನು.”

ಶಾಲಾ ಬಸ್ಸು ಎಲ್ಲಿದೆಯೆಂದು ಮನೆಯವರಿಗೆ ತೋರಿಸುವ ಆ್ಯಪ್ ಅದು. ಸಾಗರದ ಆ ಪುಟ್ಟ ಆಫೀಸಿನಲ್ಲಿ ಅದನ್ನು ನೋಡಿಕೊಳ್ಳುವವರು ಅವರಿಬ್ಬರೇ. ಹರಿಪ್ರಿಯಾ ಕುರ್ಚಿ ಎಳೆದುಕೊಂಡು ಅವನ ಸ್ಕ್ರೀನಿನತ್ತ ಬಾಗಿದಳು. ಅವನು ಸರಿದು ಜಾಗ ಬಿಟ್ಟ. ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟ.

ಇಕ್ಕೇರಿಗೆ ಹೋಗಿ ಬಂದಾಗಿನಿಂದ ಹೀಗೆಯೇ. ಅಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಅವನು ಮನಸ್ಸು ಬಿಚ್ಚಿ ಕೇಳಿದ್ದ. “ನಂಗೆ ಹಾಗನ್ನಿಸಿಲ್ಲ ಸುಘೋಷ,” ಎಂದಿದ್ದಳು. ಆಗ ಅದು ನಿಜವೇ. ಆಮೇಲೆ, ದಿನವೂ ಮೊದಲ ಚಹಾ ಅವಳ ಮೇಜಿಗಿಟ್ಟು ಮಾತಿಲ್ಲದೆ ಹೋಗುವ ಅವನನ್ನು ನೋಡುತ್ತ ನೋಡುತ್ತ, ಆ ನಿಜ ಯಾವಾಗಲೋ ಕರಗಿಹೋಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಸೋಮವಾರದಿಂದ ಅವನು ತೀರ್ಥಹಳ್ಳಿಯ ಹೊಸ ಆಫೀಸಿಗೆ. ತಾನೇ ಕೇಳಿ ಹಾಕಿಸಿಕೊಂಡಿದ್ದ.

“ಇಲ್ನೋಡು. ಯಾವುದನ್ನ ಓಡಿಸ್ಬೇಕು ಅಂತ ಸರ್ವರಿಗೆ ಹೇಳೋ ಡಿಪ್ಲಾಯ್‌ಮೆಂಟ್ ಫೈಲಲ್ಲಿ ಎಂತ ಬರ್ದಿದೀಯ? ‘ಲೇಟೆಸ್ಟ್’. ಆ ಹೆಸರಿನ ಕಂಟೇನರ್ ಇಮೇಜ್, ನಮ್ಮ ಆ್ಯಪಿನ ಹಳೇ ಪ್ರತಿ, ಸರ್ವರಲ್ಲಿ ಮೊದ್ಲೇ ಇತ್ತು. ಅದು ಹೊಸದನ್ನ ತರಿಸ್ಕೊಳ್ಳೇ ಇಲ್ಲ. ಹಳೇದನ್ನೇ ಓಡಿಸ್ತಾ ಕೂತಿದೆ.”

“ಲೇಟೆಸ್ಟ್ ಅಂದ್ಮೇಲೆ ಲೇಟೆಸ್ಟ್ ಅಲ್ವೇನೇ?”

“ನಮ್ಮಪ್ಪನ್ನ ಕೇಳು!”

ತೀರ್ಥಹಳ್ಳಿಯಲ್ಲಿರುವ ಅವಳ ಅಪ್ಪ ಯಜ್ಞನಾರಾಯಣರು ಕಾವ್ಯ ವಾಚಿಸುವವರು. ಸಂಧಿ ಯಾವುದು, ಪದ್ಯ ಎಷ್ಟನೆಯದು ಎಂದು ಹೇಳಿಯೇ ರಾಗ ಎತ್ತುತ್ತಾರೆ. ಹಾಡು ಎಲ್ಲಿಗೆ ಬಂತೆಂದು ತಿಳಿಯಲು ಪಕ್ಕದಲ್ಲಿ ಕೂತು ಅರ್ಥ ಹೇಳುವವರಿಗೆ ಅದೇ ದಾರಿ.

“ಒಂದ್ಸಲ ಬರೀ ‘ಮುಂದಿನ ಪದ್ಯ’ ಅಂದು ಒಂದಿಷ್ಟು ಹಾರಿಸ್ಬಿಟ್ರು. ಅರ್ಥ ಹೇಳೋ ಮುಕುಂದಯ್ಯನೋರಿಗೆ ಕಿವಿ ಮಂದ. ಅಪ್ಪ ಮದುವೆ ಹಾಡಿದ್ರೆ ಅವ್ರು ಯುದ್ಧದ ಅರ್ಥ ಹೇಳಿದ್ರು!”

“ಕೆಲವು ಮನೇಲಿ ಎರಡೂ ಒಂದೇ ಬಿಡು.”

ಎಷ್ಟೋ ದಿನಗಳ ಮೇಲೆ ಅವನು ನಕ್ಕಿದ್ದ. ಆ ನಗುವನ್ನು ಓರೆಗಣ್ಣಲ್ಲೇ ಎತ್ತಿಟ್ಟುಕೊಂಡು ಅವಳು ‘ಲೇಟೆಸ್ಟ್’ ಅಳಿಸಿದಳು. ಆ್ಯಪಿನ ಹೊಸ ಪ್ರತಿ ಕಟ್ಟಿದಾಗಲೆಲ್ಲ ಆ ಬಿಲ್ಡ್‌ನ ಸಂಖ್ಯೆ ತಾನಾಗಿ ಅಲ್ಲಿಗೆ ಬಂದು ಕೂರುವಂತೆ ಮಾಡಿದಳು. ಆ್ಯಪಿನ ಪುಟದ ಅಡಿಯಲ್ಲಿ ೧೧೨ ಮೂಡಿತು. ಬಸ್ಸಿನ ಚುಕ್ಕೆ ನಿಟ್ಟೂರಿಂದ ಜಿಗಿದು ಶಾಲೆಯ ಗೇಟಿನಲ್ಲಿ ನಿಂತಿತು.

“ಪಾಪ, ಸರ್ವರದ್ದೇನು ತಪ್ಪು,” ಎಂದ ಸುಘೋಷ. “ಹೊಸದು ಬಂದಿದೆ ಅಂತ ಅದಕ್ಕೆ ಯಾರೂ ಹೇಳೇ ಇರ್ಲಿಲ್ಲ.”

ಹರಿಪ್ರಿಯಾಳ ಬೆರಳು ಕೀಲಿಮಣೆಯ ಮೇಲೆಯೇ ನಿಂತಿತು.

“ಇಕ್ಕೇರೀಲಿ ನಾನಂದಿದ್ದನ್ನ ನೀನಿನ್ನೂ ಹಿಡ್ಕೊಂಡಿದೀಯಲ್ಲ?”

“ಬೇರೆ ಎಂತದೂ ಬಂದಿಲ್ವಲ್ಲ.” ಅವನು ಅವಳತ್ತ ನೋಡಲಿಲ್ಲ.

ಅಪ್ಪ ರಾಗಕ್ಕೆ ಮೊದಲು ಮಾಡುವಂತೆ ಅವಳು ಗಂಟಲು ಸರಿಮಾಡಿಕೊಂಡಳು.

“ಎರಡನೇ ಸಂಧಿ. ಮೊದಲನೇ ಪದ್ಯ.” “ನಂಗೆ ನೀನು ಬೇಕು.”

ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಸುಘೋಷ ತಾನು ಬಿಟ್ಟಿದ್ದ ಜಾಗವನ್ನೆಲ್ಲ ಮುಚ್ಚುವಂತೆ ಕುರ್ಚಿ ಹತ್ತಿರ ಎಳೆದುಕೊಂಡ.

“ಇನ್ನೊಂದ್ಸಲ ಹಾಡು,” ಎಂದ.

“ಆಗ್ಲೇ ಹೇಳಿಯಾಯ್ತು, ಹೋಗೋ!”

“ಅಯ್ಯೋ, ಸೋಮವಾರ ತೀರ್ಥಹಳ್ಳಿಗೆ ಹೋಗ್ಲೇಬೇಕಲ್ಲೇ.”

“ಹೋಗು. ಅಪ್ಪ ಅಲ್ಲೇ ತಾನೇ ಇರೋದು? ಹೋಗಿ ಕೇಳು.” ಕೆನ್ನೆ ಕೆಂಪಾಗಿದ್ದರೂ ಅವಳು ಈ ಸಲ ಕಣ್ಣು ತಪ್ಪಿಸಲಿಲ್ಲ. “ಮುಕುಂದಯ್ಯನೋರು ಪಕ್ಕದಲ್ಲಿದ್ರೆ ಮಾತ್ರ ಜೋರಾಗಿ ಹೇಳು ಮಾರಾಯ, ಮದುವೆ ಅಂತ.”